ಎದುರಾಳಿಯು ಮಣಿಯದಿದ್ದಾಗ

ಕರಾಟೆಯವನೂ ಬಾಕ್ಸಿಂಗಿನವನೂ ಎದುರುಬದುರಾದರೆ ಗೆಲುವು ಯಾರದೆಂಬ ಪ್ರಶ್ನೆಯು ತರುಣರು ಕೂಡಿದೆಡೆಯಲ್ಲೆಲ್ಲ ಏಳತಕ್ಕದ್ದೇ. ಅದಕ್ಕೆ ಕಣದಲ್ಲಿಯೇ ಉತ್ತರ ಕಾಣಬೇಕೆಂದು 1993ರ ನವೆಂಬರ್ 12ರಂದು ಅಮೆರಿಕದ ಡೆನ್ವರ್ ನಗರದಲ್ಲಿ, ತೂಕದ ಕಟ್ಟಳೆಯಿಲ್ಲದೆ, ಬೇರೆಬೇರೆ ಪದ್ಧತಿಗಳ ಎಂಟು ಮಂದಿಯನ್ನು ಇಳಿಸಿದರು. ಸುಮಾರು 80 ಕಿಲೋ ತೂಕದ, ನೋಟಕ್ಕೆ ಸಾಧಾರಣನಾದ ಬ್ರೆಜಿಲಿನ ರಾಯ್ಸ್ ಗ್ರೇಸಿಯು ಒಂದೇ ರಾತ್ರಿಯಲ್ಲಿ ಮೂವರನ್ನು ನೆಲಕ್ಕೆಳೆದು ಸೋಲೊಪ್ಪಿಸಿದನು. ಮೂರು ಕಾಳಗಗಳಿಗೂ ಸೇರಿ ಹಿಡಿದ ಕಾಲ ಐದು ನಿಮಿಷ.

ಅವನನ್ನು ಗೆಲ್ಲಿಸಿದ, ನೆಲದ ಪಟ್ಟುಗಳ ವಿದ್ಯೆಯಾದ ಜಿಯು-ಜಿತ್ಸುವಿನ ಮೂಲವನ್ನು ಅರಸಿದರೆ ನಾವು 1882ರ ಟೋಕಿಯೋವಿಗೆ, ಜೂಡೋ ವಿದ್ಯೆಯನ್ನು ಸ್ಥಾಪಿಸಿದ ಜಿಗೋರೋ ಕಾನೋ ಅವರ ಬಳಿಗೆ ಹೋಗಬೇಕಾಗುತ್ತದೆ. ಅಂಗಭಂಗವನ್ನುಂಟುಮಾಡುವ ಪೆಟ್ಟುಗಳನ್ನೂ ಅಪಾಯಕರವಾದ ಪಟ್ಟುಗಳನ್ನೂ ಅವರು ನಿಯತಕ್ರಮದ ಪ್ರದರ್ಶನಾಭ್ಯಾಸಕ್ಕೆ ಮೀಸಲಿರಿಸಿ, ಉಳಿದವುಗಳನ್ನು ಶಿಷ್ಯರು ಪರಸ್ಪರ ಪೂರ್ಣಬಲದಿಂದ, ಎದುರಾಳಿಯ ಪ್ರತಿರೋಧವನ್ನು ಎದುರಿಸುತ್ತಲೇ ಪ್ರಯೋಗಿಸುವಂತೆ ಮಾಡಿದರು. ಮೇಲ್ನೋಟಕ್ಕೆ ಇದು ವಿದ್ಯೆಯ ಹಲ್ಲು ಕಿತ್ತಂತೆ ತೋರುವುದು. ನನ್ನ ಅಭಿಪ್ರಾಯದಲ್ಲಿ ಆಧುನಿಕ ಯುದ್ಧಕಲೆಗಳ ಇತಿಹಾಸದಲ್ಲಿ ಇದಕ್ಕಿಂತ ದೂರದೃಷ್ಟಿಯ ಹೆಜ್ಜೆ ಮತ್ತೊಂದಿಲ್ಲ. ಕಣ್ಣಿಗೆ ಬೆರಳಿಕ್ಕುವ ಮಾರಕ ತಂತ್ರವನ್ನು ಗೆಳೆಯನ ಮೇಲೆ ನಿತ್ಯವೂ ಪ್ರಯೋಗಿಸಿ ನೋಡಲಾಗದು. ಪ್ರಯೋಗಿಸಿ ನೋಡದುದು ಸಂಕಟದ ಗಳಿಗೆಯಲ್ಲಿ ಕೈಗೆ ಒದಗದು. ಬಾಕ್ಸಿಂಗು, ಥಾಯ್ ದೇಶದ ಮುಯ್ ಥಾಯ್, ನಮ್ಮ ಗರಡಿಯ ಕೆಮ್ಮಣ್ಣಿನಲ್ಲಿ ದಿನವೂ ಸರಿಜೋಡಿಯೊಡನೆ ಸೆಣಸುವ ಕುಸ್ತಿ, ಇವೆಲ್ಲವೂ ಬಲವತ್ತರವಾಗಿರುವುದು ಇದೇ ಕಾರಣದಿಂದ.

2017ರಲ್ಲಿ ಚೀನಾದ ಮಿಶ್ರಕಾಳಗದ ಪಟು ಷು ಶಿಯಾವ್‌ದೋಂಗ್ ತಾಯ್ ಚಿ ಗುರುವೊಬ್ಬನನ್ನು ಅರೆನಿಮಿಷದೊಳಗೆ ಕೆಡವಿದಾಗ ಪ್ರಾಚೀನ ವಿದ್ಯೆಗಳೆಲ್ಲವೂ ನಿಸ್ಸಾರವೆಂದು ಹಲವರು ಘೋಷಿಸಿದರು. ಅದು ಅವಸರದ ತೀರ್ಪು. ಅಲ್ಲಿ ಬಯಲಾದುದು ಮಣಿಯುವ ಶಿಷ್ಯರ ನಡುವೆಯೇ ಬೆಳೆದ ಅಭ್ಯಾಸದ ದೌರ್ಬಲ್ಯ. ಜಿಯು-ಜಿತ್ಸುವಾದರೂ ಅಜೇಯವಾಗಿ ಉಳಿಯಲಿಲ್ಲ: ನೆಲದ ಪಟ್ಟುಗಳನ್ನು ಉಳಿದವರೂ ಕಲಿತುಕೊಂಡರು, 2000ದಲ್ಲಿ ಜಪಾನಿನ ಕುಸ್ತಿಪಟು ಸಕುರಾಬಾ 90 ನಿಮಿಷಗಳ ಸೆಣಸಾಟದಲ್ಲಿ ರಾಯ್ಸನನ್ನೇ ಸೋಲಿಸಿದನು.

ಬೀದಿಯ ಜಗಳದ ಸ್ಥಿತಿಯೇ ಬೇರೆ. ಅಲ್ಲಿ ಎದುರಾಳಿಯು ಒಬ್ಬನೇ ಎಂಬ ಭರವಸೆಯಿಲ್ಲ, ಅವನ ಸೊಂಟದಲ್ಲಿ ಚಾಕುವಿದ್ದರೂ ಇರಬಹುದು, ಕಾಲಡಿಯಲ್ಲಿ ಮೆತ್ತನೆಯ ಹಾಸಿಲ್ಲ, ಡಾಂಬರಿದೆ. ನೆಲಕ್ಕುರುಳಿ ಒಬ್ಬನ ಕೊರಳನ್ನು ಅಮುಕಿ ಹಿಡಿದವನಿಗೆ ಆತನ ಗೆಳೆಯನ ಒದೆತದಿಂದ ರಕ್ಷಣೆಯಿಲ್ಲ. ಅಲ್ಲಿ ಬೀಳದೆ ನಿಲ್ಲುವ ಕುಸ್ತಿಯವನ ಕಾಲ್ಬಲ, ದೂರವನ್ನು ಅಳೆಯುವ ಬಾಕ್ಸಿಂಗಿನವನ ಕಣ್ಣು, ದಾರಿ ಕಂಡೊಡನೆ ಓಡಿ ಪಾರಾಗುವಷ್ಟು ಉಸಿರು, ಇವೇ ಹೆಚ್ಚಿನ ಆಸರೆ.

ಮಕ್ಕಳನ್ನು ಯುದ್ಧಕಲೆಯ ಶಾಲೆಗೆ ಸೇರಿಸಬಯಸುವ ತಂದೆತಾಯಿಗಳು ಫಲಕದ ಮೇಲಿನ ಹೆಸರನ್ನೂ ಗುರುವಿನ ಸೊಂಟಪಟ್ಟಿಯ ಬಣ್ಣವನ್ನೂ ನೋಡಿ ತೃಪ್ತರಾಗದೆ, ಒಂದು ಸಂಜೆ ಅಲ್ಲಿ ಕುಳಿತು, ಶಿಷ್ಯರು ನಿಜವಾಗಿ ಸೆಣಸುವರೋ ಅಥವಾ ಗುರುವು ಮುಟ್ಟಿದೊಡನೆ ತಾವಾಗಿಯೇ ಬೀಳುವರೋ ಎಂಬುದನ್ನು ನೋಡಿಕೊಳ್ಳಲಿ.