ಒಬ್ಬ ಓದಿದ, ಇನ್ನೊಬ್ಬ ಬರೆದ

ಇಟಲಿಯ ಕ್ರೆಮೋನಾ ಊರಿನ ಗೆರಾರ್ಡೊ ಎಂಬಾತನಿಗೆ ಒಂದು ಪುಸ್ತಕದ ಹುಚ್ಚು ಹಿಡಿದಿತ್ತು. ಗ್ರೀಕ್ ಖಗೋಳಜ್ಞ ಟಾಲೆಮಿಯ ‘ಅಲ್ಮಗೆಸ್ಟ್’. ಸೂರ್ಯ, ಚಂದ್ರ, ಗ್ರಹಗಳ ಚಲನೆಯ ಲೆಕ್ಕವನ್ನೆಲ್ಲ ಹೇಳುವ ಆ ಗ್ರಂಥದ ಹೆಸರು ಲ್ಯಾಟಿನ್ ಓದುವ ಯುರೋಪಿಗೆ ಗೊತ್ತಿತ್ತು. ಗ್ರಂಥ ಮಾತ್ರ ಅವನ ಕಣ್ಣಿಗೆ ಎಲ್ಲೂ ಬೀಳಲಿಲ್ಲ. ಅರಬ್ಬಿಯಲ್ಲಿ ಅದು ಇದೆ, ಅರಬ್ಬಿ ಪುಸ್ತಕ ಬೇಕಾದರೆ ಸ್ಪೇನಿನ ಟೊಲೆಡೊಗೆ ಹೋಗಬೇಕು ಎಂದು ತಿಳಿದು ಹೊರಟ. ಅಲ್ಲಿ ಪ್ರತಿಯೊಂದು ವಿಷಯಕ್ಕೂ ಇದ್ದ ಪುಸ್ತಕಗಳನ್ನು ಕಂಡು, ತನ್ನವರ ಬಡತನಕ್ಕೆ ಮರುಗಿ, ಅರಬ್ಬಿ ಕಲಿಯಲು ಕುಳಿತ. 1187ರಲ್ಲಿ ಸಾಯುವ ಹೊತ್ತಿಗೆ ಎಪ್ಪತ್ತರಷ್ಟು ಗ್ರಂಥಗಳನ್ನು ಲ್ಯಾಟಿನ್ನಿಗೆ ತಂದಿದ್ದ. ಯುರೋಪಿನ ವೈದ್ಯ ವಿದ್ಯಾರ್ಥಿಗಳು ಮುಂದೆ ಶತಮಾನಗಟ್ಟಲೆ ಓದಿದ ಇಬ್ನ್ ಸೀನಾನ ‘ವೈದ್ಯಸಂಹಿತೆ’ಯೂ ಅದರಲ್ಲಿ ಒಂದು. ಯಾವುದಕ್ಕೂ ಅವನು ಹೆಸರು ಹಾಕಿರಲಿಲ್ಲ. ಗುರುವಿನ ದುಡಿಮೆಗೆ ಬೇರೆಯವರು ವಾರಸುದಾರರಾಗಿಬಿಟ್ಟಾರು ಎಂದು ಶಿಷ್ಯರೇ ಪಟ್ಟಿ ಬರೆದು, ಜೊತೆಗೆ ಪುಟ್ಟ ಜೀವನಚರಿತ್ರೆಯನ್ನೂ ಸೇರಿಸಿದರು.

ಅಷ್ಟು ಪುಸ್ತಕ ಆ ಊರಿಗೆ ಬಂದದ್ದಾದರೂ ಹೇಗೆ?

ಟೊಲೆಡೊ ಇರುವುದು ಕಲ್ಲುಗುಡ್ಡದ ಮೇಲೆ. ಮೂರು ಕಡೆ ಟಾಹೊ ನದಿ ಆಳದ ಕಣಿವೆಯಲ್ಲಿ ಬಳಸಿ ಹರಿಯುತ್ತದೆ. ನಾಲ್ಕನೆಯ ಕಡೆಗೆ ಗೋಡೆ ಕಟ್ಟಿದರೆ ಕೋಟೆ ಮುಗಿಯಿತು. ರೋಮನ್ನರಿಗೂ ಆಮೇಲೆ ವಿಸಿಗೋತ್ ದೊರೆಗಳಿಗೂ ಈ ಜಾಗ ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. 711ರಲ್ಲಿ ಉತ್ತರ ಆಫ್ರಿಕಾದಿಂದ ಬಂದ ಮುಸ್ಲಿಂ ಸೇನೆಗೆ ಊರು ಸಿಕ್ಕಿತು. ಹನ್ನೊಂದನೆಯ ಶತಮಾನದಲ್ಲಿ ಕಾರ್ಡೊಬಾದ ಖಲೀಫರ ಆಡಳಿತ ಚೂರುಚೂರಾದಾಗ ಟೊಲೆಡೊ ಸ್ವತಂತ್ರ ಸಂಸ್ಥಾನವಾಯಿತು. ಚಿಕ್ಕ ಸಂಸ್ಥಾನಗಳ ದೊರೆಗಳಿಗೆ ದೊಡ್ಡ ಆಸ್ಥಾನ ಕಟ್ಟುವ ಹಂಬಲ ಜಾಸ್ತಿ. ಟೊಲೆಡೊದ ಅಲ್ ಮಾಮೂನ್ ವಿದ್ವಾಂಸರನ್ನು ಕೂಡಿಸಿದ. ಲೋಹದ ಕೆಲಸದಿಂದ ಬದುಕು ಶುರುಮಾಡಿ ಖಗೋಳಯಂತ್ರಗಳ ತಯಾರಿಕೆಗೆ, ಅಲ್ಲಿಂದ ಖಗೋಳ ವೀಕ್ಷಣೆಗೇ ಇಳಿದ ಅಲ್ ಜರ್ಕಾಲಿ ಈ ಕಾಲದವನು. ಊರಿನ ಖಾಜಿಯಾಗಿದ್ದ ಸಾಯಿದ್ ಅಲ್ ಅಂದಲುಸಿ ಕೂಡ. ಆತ 1068ರಲ್ಲಿ, ವಿದ್ಯೆಗೆ ಕಾಣಿಕೆ ಕೊಟ್ಟ ಜನಾಂಗಗಳ ಬಗ್ಗೆ ಒಂದು ಪುಸ್ತಕ ಬರೆದು ಅದರಲ್ಲಿ ಭಾರತೀಯರನ್ನು ಮೊದಲ ಸ್ಥಾನದಲ್ಲಿಟ್ಟ. ಅಂಕಿಗಳ ಲೆಕ್ಕ, ಚದುರಂಗ, ಮಿಗಗಳ ಕತೆಗಳ ‘ಕಲೀಲ ವ ದಿಮ್ನ’ ಇವೆಲ್ಲ ಭಾರತದಿಂದ ಬಂದವು ಎಂದು ಎಣಿಸಿ ಹೇಳಿದ. ಭಾರತವನ್ನು ಕಾಣದ ಮನುಷ್ಯ, ಸ್ಪೇನಿನ ನಡುವಿನ ಗುಡ್ಡದ ಮೇಲೆ ಕೂತು!

1085ರಲ್ಲಿ ಕ್ಯಾಸ್ಟೀಲಿನ ಕ್ರೈಸ್ತ ದೊರೆ ಆರನೆಯ ಅಲ್ಫೋನ್ಸೊ ಟೊಲೆಡೊವನ್ನು ವಶಪಡಿಸಿಕೊಂಡ. ಅದಕ್ಕೆ ಹದಿಮೂರು ವರ್ಷ ಮೊದಲು, ಅಣ್ಣನಿಂದ ಗಡಿಪಾರಾದಾಗ ಅವನಿಗೆ ಆಶ್ರಯ ಕೊಟ್ಟವನು ಇದೇ ಅಲ್ ಮಾಮೂನ್. ದೊಡ್ಡ ಲೂಟಿ, ಬೆಂಕಿ ಇಲ್ಲದೆ, ಒಡಂಬಡಿಕೆಯ ಮೇಲೆ ಊರು ಕೈಬದಲಾಯಿತು. ಹಾಗಾಗಿ ಪುಸ್ತಕಗಳೂ ಉಳಿದವು, ಅವನ್ನು ಓದಬಲ್ಲವರೂ ಉಳಿದರು. ಒಡಂಬಡಿಕೆಯನ್ನು ಪೂರ್ತಿ ಪಾಲಿಸಿದರೆಂದಲ್ಲ. ಮುಸ್ಲಿಮರಿಗೇ ಬಿಡುತ್ತೇವೆಂದಿದ್ದ ದೊಡ್ಡ ಮಸೀದಿ ಬೇಗನೆ ಇಗರ್ಜಿಯಾಯಿತು. 1226ರಲ್ಲಿ ಅದೇ ಜಾಗದಲ್ಲಿ ಈಗಿನ ಕೆಥೆಡ್ರಲ್ ಏಳತೊಡಗಿತು.

ಊರಿನಲ್ಲಿ ಉಳಿದವರ ಪೈಕಿ ಮೊಸಾರಬ್ ಎಂಬ ಸಮುದಾಯದ ಕತೆ ಸ್ವಾರಸ್ಯದ್ದು. ಇವರು ಮುಸ್ಲಿಂ ಆಳ್ವಿಕೆಯಲ್ಲಿ ಬಾಳಿದ ಕ್ರೈಸ್ತರು. ದೇವರು ಏಸು, ಮಾತು ಅರಬ್ಬಿ. ಊರು ಕ್ರೈಸ್ತ ದೊರೆಯ ಕೈಗೆ ಬಂದು ಇನ್ನೂರು ವರ್ಷ ಕಳೆಯುವವರೆಗೂ ಹೊಲ ಮಾರಿದ್ದು, ಮನೆ ಕೊಂಡದ್ದು, ಸಾಲ ಮಾಡಿದ್ದು ಎಲ್ಲಕ್ಕೂ ಅರಬ್ಬಿಯಲ್ಲೇ ಕ್ರಯಪತ್ರ ಬರೆಸುತ್ತಿದ್ದರು. ಅಂಥ ಸಾವಿರಕ್ಕೂ ಮಿಕ್ಕಿದ ಪತ್ರಗಳು ಇವತ್ತಿಗೂ ಇವೆ. ಇವರ ಪ್ರಾಚೀನ ಪೂಜಾವಿಧಿ ಕೆಥೆಡ್ರಲ್ಲಿನ ಒಂದು ಗುಡಿಯಲ್ಲಿ ಈಗಲೂ ನಡೆಯುತ್ತದೆ. ಅರಬ್ಬಿ ಬಲ್ಲ ಯಹೂದಿಗಳು ಮೊದಲೇ ಇದ್ದರು. ದಕ್ಷಿಣವನ್ನು ಆಳುತ್ತಿದ್ದ ಅಲ್ಮೊಹಾದ್ ಎಂಬ ಮುಸ್ಲಿಂ ಅರಸರ ಕಾಟ ತಾಳದೆ ಇನ್ನಷ್ಟು ಮಂದಿ ಬಂದು ಸೇರಿದರು. ಗೆರಾರ್ಡೊನಂಥ ಪರದೇಶಿಗಳಿಗೆ ಬೇಕಾಗಿದ್ದವರು ಇವರೇ.

ಅನುವಾದ ನಡೆಯುತ್ತಿದ್ದ ಕ್ರಮವನ್ನು ಒಂದು ಮುನ್ನುಡಿ ನೇರವಾಗಿ ಹೇಳುತ್ತದೆ. ಇಬ್ನ್ ಸೀನಾನ ಆತ್ಮವಿಚಾರದ ಗ್ರಂಥವನ್ನು ಆರ್ಚ್‌ಬಿಷಪ್ಪನಿಗೆ ಅರ್ಪಿಸುತ್ತ ಅವೆಂದಾವುತ್ ಎಂಬ ಯಹೂದಿ ವಿದ್ವಾಂಸ ಹೇಳುವಂತೆ, ಅವನು ಅರಬ್ಬಿಯ ಒಂದೊಂದೇ ಪದವನ್ನು ಆಡುಮಾತಿಗೆ ತಿರುಗಿಸಿ ಹೇಳುತ್ತ ಹೋದ. ಪಕ್ಕದಲ್ಲಿದ್ದ ಪಾದ್ರಿ ದೊಮಿಂಗೊ ಗುಂಡಿಸಾಲ್ವೊ ಅದನ್ನು ಲ್ಯಾಟಿನ್ನಿಗೆ ಇಳಿಸಿದ. ಒಬ್ಬನಿಗೆ ಲ್ಯಾಟಿನ್ ಸಾಲದು, ಇನ್ನೊಬ್ಬನಿಗೆ ಅರಬ್ಬಿ ಸಾಲದು. ನಡುವೆ ಇಬ್ಬರೂ ಬಲ್ಲ ಬೀದಿಯ ಭಾಷೆ. ಅದನ್ನು ಕಾಗದದ ಮೇಲೆ ಯಾರೂ ಬರೆಯುತ್ತಿರಲಿಲ್ಲ. ಬಾಯಿಂದ ಹೊರಟು ಕಿವಿಗೆ ಬಿದ್ದು ಅಲ್ಲಿಗೇ ಮುಗಿಯುತ್ತಿತ್ತು.

ಗೆರಾರ್ಡೊ ಕೂಡ ಒಂಟಿಯಾಗಿ ದುಡಿಯಲಿಲ್ಲ. ಪ್ಯಾರಿಸ್ಸಿನ ಪಂಡಿತರನ್ನು ಕಂಡು ಬೇಸತ್ತ ಡೇನಿಯಲ್ ಆಫ್ ಮಾರ್ಲಿ ಎಂಬ ಇಂಗ್ಲಿಷಿನವನು ಟೊಲೆಡೊಗೆ ಬಂದು, ಗೆರಾರ್ಡೊನ ಪಾಠ ಕೇಳಿ, ಜ್ಯೋತಿಷ್ಯದ ಬಗ್ಗೆ ಅವನೊಡನೆ ವಾದಕ್ಕೂ ಇಳಿದ. ‘ಅಲ್ಮಗೆಸ್ಟ್’ ಅನುವಾದಕ್ಕೆ ಗಾಲಿಬ್ ಎಂಬ ಮೊಸಾರಬನ ನೆರವಿತ್ತೆಂಬ ಸಂಗತಿ ಉಳಿದದ್ದು ಈ ಡೇನಿಯಲ್ ಬರೆದಿಟ್ಟದ್ದರಿಂದ. ಅಷ್ಟು ಮುತುವರ್ಜಿಯಿಂದ ಪಟ್ಟಿ ಮಾಡಿದ ಶಿಷ್ಯರಿಗೆ ಗಾಲಿಬನ ನೆನಪಾಗಲಿಲ್ಲ. ಗುರುವಿನ ಹೆಸರು ಕಳೆದುಹೋದೀತು ಎಂದು ಮರುಗಿದವರೇ ಇವರು.

ಇದಕ್ಕೆಲ್ಲ ‘ಟೊಲೆಡೊ ಅನುವಾದಕರ ಶಾಲೆ’ ಎಂಬ ಹೆಸರು ಬಿದ್ದದ್ದು ಬಹಳ ತಡವಾಗಿ. 1819ರಲ್ಲಿ ಪ್ರಕಟವಾದ ಪುಸ್ತಕವೊಂದರಲ್ಲಿ ಫ್ರಾನ್ಸಿನ ಅಮಾಬ್ಲ್ ಜುರ್ದೇನ್, ಹನ್ನೆರಡನೆಯ ಶತಮಾನದ ಆರ್ಚ್‌ಬಿಷಪ್ ರೇಮಂಡ್ ಇಲ್ಲಿ ಅನುವಾದಕರ ವಿದ್ಯಾಪೀಠವನ್ನೇ ಸ್ಥಾಪಿಸಿದ್ದನೆಂದು ಬರೆದ. ಓದಿದವರ ಕಣ್ಣಮುಂದೆ ಕಟ್ಟಡ, ತರಗತಿ, ಗಂಟೆ ಎಲ್ಲ ಬಂದವು. ಅಂಥ ಕಟ್ಟಡ ಇದ್ದುದಕ್ಕೆ ಪುರಾವೆ ಇಲ್ಲ. ಇದ್ದದ್ದು ಕೆಥೆಡ್ರಲ್ಲಿನ ಆಶ್ರಯ, ಪುಸ್ತಕಗಳು, ಎರಡು ಮೂರು ಭಾಷೆ ಬಲ್ಲ ಜನ. ಆ ಹೆಸರಿನ ನಿಜವಾದ ಶಾಲೆ 1994ರಲ್ಲಿ ಶುರುವಾಗಿ ಈಗಲೂ ನಡೆಯುತ್ತಿದೆ.

ಹದಿಮೂರನೆಯ ಶತಮಾನದಲ್ಲಿ ಕೆಲಸದ ದಿಕ್ಕು ಬದಲಾಯಿತು. ಟೊಲೆಡೊದಲ್ಲೇ 1221ರಲ್ಲಿ ಹುಟ್ಟಿದ ಹತ್ತನೆಯ ಅಲ್ಫೋನ್ಸೊಗೆ ಲ್ಯಾಟಿನ್ನಿಗಿಂತ ತನ್ನ ರಾಜ್ಯದ ಕ್ಯಾಸ್ಟಿಲಿಯನ್ ಮಾತು ಮುಖ್ಯವಾಗಿತ್ತು. ಇಂದಿನ ಸ್ಪ್ಯಾನಿಷ್ ಅದೇ. ಬಾಯಿಂದ ಕಿವಿಗೆ ದಾಟಿ ಕರಗಿಹೋಗುತ್ತಿದ್ದ ಮಾತು ಈಗ ಗ್ರಂಥದ ಪುಟಕ್ಕೇರಿತು. ಅವನು ಇನ್ನೂ ಯುವರಾಜನಾಗಿದ್ದ 1251ರಲ್ಲಿ ‘ಕಲೀಲ ವ ದಿಮ್ನ’ ಕ್ಯಾಸ್ಟಿಲಿಯನ್ನಿಗೆ ಬಂತು. ಕಲೀಲ, ದಿಮ್ನ ಎಂದರೆ ನಮ್ಮ ಕರಟಕ, ದಮನಕ. ಪುಸ್ತಕ ನಮ್ಮ ಪಂಚತಂತ್ರ. ಆರನೆಯ ಶತಮಾನದಲ್ಲಿ ಪರ್ಷಿಯಾದ ಪಹ್ಲವಿಗೆ, ಎಂಟನೆಯದರಲ್ಲಿ ಇಬ್ನ್ ಅಲ್ ಮುಕಫ್ಫನ ಕೈಯಲ್ಲಿ ಅರಬ್ಬಿಗೆ, ಅಲ್ಲಿಂದ ಇಲ್ಲಿಗೆ. ಚಾಳುಕ್ಯ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹ ಕನ್ನಡದಲ್ಲಿ ಅದೇ ಕತೆಗಳನ್ನು ಬರೆದದ್ದು 1031ರ ಸುಮಾರಿಗೆ. ಆ ಎರಡು ಗುಳ್ಳೆನರಿಗಳು ಸ್ಪೇನಿಗಿಂತ ಇನ್ನೂರಿಪ್ಪತ್ತು ವರ್ಷ ಮೊದಲೇ ಕನ್ನಡ ಕಲಿತಿದ್ದವು.

ಅಲ್ಫೋನ್ಸೊನ ಆಸ್ಥಾನದ ಯಹೂದಿ ವಿದ್ವಾಂಸರಾದ ಯೆಹೂದ ಬೆನ್ ಮೋಶೆ, ಇಸಾಕ್ ಬೆನ್ ಸಿದ್ ಟೊಲೆಡೊದಲ್ಲಿ ವರ್ಷಗಟ್ಟಲೆ ಆಕಾಶ ನೋಡಿ ಗ್ರಹಗತಿಯ ಕೋಷ್ಟಕಗಳನ್ನು ಸಿದ್ಧಪಡಿಸಿದರು. ಅವುಗಳ ಲ್ಯಾಟಿನ್ ರೂಪ 1483ರಲ್ಲಿ ವೆನಿಸ್ಸಿನಲ್ಲಿ ಅಚ್ಚಾಯಿತು. ಕೋಪರ್ನಿಕಸ್ಸನ ಬಳಿಯೂ ಒಂದು ಪ್ರತಿ ಇತ್ತು.

ಪ್ರವಾಸಿ ಪುಸ್ತಕಗಳು ಟೊಲೆಡೊವನ್ನು ‘ಮೂರು ಸಂಸ್ಕೃತಿಗಳ ಊರು’ ಎನ್ನುತ್ತವೆ. 999ರ ಪುಟ್ಟ ಮಸೀದಿ, ಗೋಡೆಯ ಗಾರೆಕೆತ್ತನೆಯಲ್ಲಿ ಹೀಬ್ರೂ ಜೊತೆ ಅರಬ್ಬಿ ಅಕ್ಷರಗಳೂ ಇರುವ ಟ್ರಾನ್ಸಿಟೊ ಯಹೂದಿ ಮಂದಿರ, ಮಹಾ ಕೆಥೆಡ್ರಲ್ ನೋಡಿದರೆ ಮಾತು ಸುಳ್ಳಲ್ಲ. ಆದರೆ ಮಸೀದಿಯೂ ಯಹೂದಿ ಮಂದಿರವೂ ಇಗರ್ಜಿಗಳಾಗಿದ್ದವು ಎಂಬುದನ್ನು ಜೊತೆಗೇ ಹೇಳಬೇಕು. 1391ರಲ್ಲಿ ಯಹೂದಿ ಕೇರಿಯ ಮೇಲೆ ದಾಳಿ ನಡೆಯಿತು. 1492ರಲ್ಲಿ, ಮತ ಬದಲಿಸದ ಯಹೂದಿಗಳನ್ನೆಲ್ಲ ದೇಶದಿಂದಲೇ ಹೊರಹಾಕಿದರು. 1561ರಲ್ಲಿ ಎರಡನೆಯ ಫಿಲಿಪ್ ಆಸ್ಥಾನವನ್ನು ಮ್ಯಾಡ್ರಿಡ್ಡಿಗೆ ಒಯ್ದ ಮೇಲೆ ಟೊಲೆಡೊಗೆ ಉಳಿದದ್ದು ಚರ್ಚು, ಕತ್ತಿಯ ಕಮ್ಮಟ, ಬಾದಾಮಿ ಮಿಠಾಯಿ, ಮತ್ತು 1577ರಲ್ಲಿ ಬಂದು ಅಲ್ಲೇ ನೆಲೆಸಿದ ಚಿತ್ರಕಾರ ಎಲ್ ಗ್ರೆಕೊ.

ಆದರೂ 1605ರಲ್ಲಿ ಸೆರ್ವಾಂಟಿಸ್‌ಗೆ ತನ್ನ ‘ಡಾನ್ ಕಿಹೋಟೆ’ಯ ತಮಾಷೆಗೆ ಬೇಕಾಗಿದ್ದು ಇದೇ ಊರು. ಕಾದಂಬರಿಯ ಒಂಬತ್ತನೆಯ ಅಧ್ಯಾಯದಲ್ಲಿ, ಅರ್ಧಕ್ಕೆ ನಿಂತ ಕತೆಯ ಮುಂದಿನ ಭಾಗ ಟೊಲೆಡೊ ಪೇಟೆಯಲ್ಲಿ ಹುಡುಗನೊಬ್ಬ ಮಾರುತ್ತಿದ್ದ ರದ್ದಿಯಲ್ಲಿ ಸಿಗುತ್ತದೆ. ಎಲ್ಲ ಅರಬ್ಬಿ. ಓದಿ ಹೇಳುವವನನ್ನು ಹುಡುಕಲು ಕಷ್ಟವೇ ಆಗಲಿಲ್ಲ ಎನ್ನುತ್ತಾನೆ ನಿರೂಪಕ. ಮತಾಂತರಗೊಂಡ ಮುಸ್ಲಿಮರ ಪೈಕಿ ಒಬ್ಬನನ್ನು ಮನೆಗೆ ಕರೆದೊಯ್ದು, ಒಂದೂವರೆ ತಿಂಗಳಲ್ಲಿ ಅನುವಾದ ಮುಗಿಸಿಕೊಳ್ಳುತ್ತಾನೆ. ಕೂಲಿ ಸುಮಾರು 23 ಕಿಲೊ ಒಣದ್ರಾಕ್ಷಿ, ಎರಡು ಮೂಟೆಯಷ್ಟು ಗೋಧಿ. ಕೂಲಿ ಗೊತ್ತಾಗುತ್ತದೆ, ಆತನ ಹೆಸರು ಮಾತ್ರ ಕಾದಂಬರಿಯಲ್ಲೂ ಇಲ್ಲ. ಪುಸ್ತಕ ಬಂದ ನಾಲ್ಕೇ ವರ್ಷಕ್ಕೆ, 1609ರಲ್ಲಿ, ಮೂರನೆಯ ಫಿಲಿಪ್ ಆ ಜನರನ್ನೂ ಸ್ಪೇನಿನಿಂದ ಹೊರಹಾಕಲು ಶುರುಮಾಡಿದ.