ಪೆಟ್ಟು ಸಾಗುವ ದಾರಿ: ಸ್ನೋಮೊಬೈಲ್‌ನ ರಕ್ಷಣಾ ಭಾಗಗಳು, ತಪ್ಪು ಕಲ್ಪನೆ ಮತ್ತು ಸತ್ಯ

ಮುಂದಿನ ಎರಡು ಸ್ಕೀಗಳಿಂದ ದಿಕ್ಕು ಬದಲಿಸುತ್ತ, ಹಿಂದಿನ ಅಗಲವಾದ ರಬ್ಬರ್ ಟ್ರ್ಯಾಕಿನ ಬಲದಿಂದ ಹಿಮದ ಮೇಲೆ ಓಡುವ ಸ್ನೋಮೊಬೈಲ್, ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್ಕೂರ್ ಎಂಬ ಊರಿನಲ್ಲಿ ಜೋಸೆಫ್-ಆರ್ಮಾಂಡ್ ಬೊಂಬಾರ್ಡಿಯೇ 1959ರಲ್ಲಿ ಸ್ಕೀ-ಡೂ ಎಂಬ ಹಗುರ ವಾಹನವನ್ನು ಮಾರುಕಟ್ಟೆಗೆ ತಂದ ಮೇಲೆ ಉತ್ತರ ಅಮೆರಿಕದ ಚಳಿನಾಡುಗಳ ದಿನಬಳಕೆಯ ವಸ್ತುವಾಯಿತು. ಅಮೆರಿಕದ ಮಿನ್ನೆಸೋಟ ರಾಜ್ಯದ ರೋಸೊ ಮತ್ತು ಥೀಫ್ ರಿವರ್ ಫಾಲ್ಸ್ ಎಂಬ ಸಣ್ಣ ಊರುಗಳೂ ಇದರ ತಯಾರಿಕೆಯಿಂದಲೇ ಹೆಸರಾದವು. ಗುಲ್ಮಾರ್ಗ್‌ಗೆ ಹೋದ ಕನ್ನಡ ಪ್ರವಾಸಿಗರು ಬಾಡಿಗೆಗೆ ಹತ್ತುವ ಸ್ನೋ ಸ್ಕೂಟರ್ ಕೂಡ ಇದೇ ಕುಲದ್ದು. ಈ ವಾಹನವನ್ನು ಕೊಂಡವರಲ್ಲಿ ಅನೇಕರು ಹೊಟ್ಟೆಯಡಿಯ ಸ್ಕಿಡ್ ಪ್ಲೇಟ್, ಮುಂಭಾಗದ ಬಂಪರ್, ಸಸ್ಪೆನ್ಷನ್ ತೋಳುಗಳ ಕವಚ, ಕೈಗಾಪು ಮೊದಲಾದವನ್ನು ಬೇರೆ ತಯಾರಕರಿಂದ ತರಿಸಿ ತಾವೇ ಜೋಡಿಸಿಕೊಳ್ಳುತ್ತಾರೆ. ಇವುಗಳ ಬಗ್ಗೆ ಬಳಕೆಯಲ್ಲಿರುವ ತಪ್ಪು ಕಲ್ಪನೆಗಳಲ್ಲಿ ಹೆಚ್ಚಿನವು ಒಂದೇ ಬೇರಿನಿಂದ ಚಿಗುರಿದವು: ಕವಚವು ತಗುಲಿದ ಪೆಟ್ಟನ್ನು ನುಂಗಿ ಹಾಕುತ್ತದೆ ಎಂಬ ಭಾವನೆ ಆ ಬೇರು. ಕವಚಕ್ಕೆ ಬಿದ್ದ ಪೆಟ್ಟು ಅಲ್ಲಿಂದ ಇನ್ನೊಂದು ಭಾಗಕ್ಕೆ ಸಾಗುತ್ತದೆ. ಆದ್ದರಿಂದ ಅದು ಎಲ್ಲಿಗೆ ಸಾಗುತ್ತದೆ, ಅಲ್ಲಿರುವ ಭಾಗ ಅದನ್ನು ತಾಳುತ್ತದೆಯೇ ಎಂಬ ಪ್ರಶ್ನೆಯನ್ನು ಕೊಳ್ಳುವ ಮೊದಲೇ ಕೇಳಿಕೊಳ್ಳಬೇಕಾಗುತ್ತದೆ.

ಹೊಟ್ಟೆಯಡಿಯ ಕವಚ ಲೋಹದ್ದಾದರೆ ಗಟ್ಟಿ, ಪ್ಲಾಸ್ಟಿಕ್ಕಿನದಾದರೆ ದುರ್ಬಲ ಎಂಬ ನಂಬಿಕೆ ಎಲ್ಲಕ್ಕಿಂತ ಆಳವಾಗಿ ಬೇರೂರಿದೆ. ಎಂಜಿನ್ನಿನ ಅಡಿಭಾಗವನ್ನು ಮುಚ್ಚುವ ಮೂಲ ಹೊದಿಕೆಯಾದ ಬೆಲ್ಲಿ ಪ್ಯಾನ್ ತೆಳುವಾದ ಪ್ಲಾಸ್ಟಿಕ್‌ನಿಂದ ಮಾಡಿದ್ದು, ಹಿಮದಲ್ಲಿ ಹುದುಗಿದ ಮರದ ಬೊಡ್ಡೆಗೋ ಬಂಡೆಗೋ ತಗುಲಿದರೆ ಸೀಳುವುದು ನಿಜ. ಸಾಮಾನ್ಯ ಪಾಲಿಪ್ರೊಪಿಲೀನ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಪೆಡಸಾಗತೊಡಗುತ್ತದೆ ಎಂಬುದೂ ನಿಜ. ಆದರೆ ಪ್ಲಾಸ್ಟಿಕ್‌ಗಳೆಲ್ಲ ಒಂದೇ ಜಾತಿಯವಲ್ಲ. ಸ್ಕಿಡ್ ಪ್ಲೇಟ್‌ಗಳಿಗೆ ಬಳಸುವ ಅತಿ ಹೆಚ್ಚು ಅಣುತೂಕದ ಪಾಲಿಎಥಿಲೀನ್, ಅಂದರೆ ಅಣುಗಳ ಸರಪಣಿ ಅಸಾಧಾರಣ ಉದ್ದವಾಗಿರುವ ಪಾಲಿಎಥಿಲೀನ್, ಮೈನಸ್ 40 ಡಿಗ್ರಿಯ ಚಳಿಯಲ್ಲೂ ಒಡೆಯದೆ ಬಾಗಿ ಮತ್ತೆ ತನ್ನ ಆಕಾರಕ್ಕೆ ಮರಳುತ್ತದೆ. ಬಂಡೆಯ ಅಂಚಿಗೆ ಸಿಕ್ಕಿದ ತೆಳು ಅಲ್ಯೂಮಿನಿಯಂ ಹಾಳೆ ನೆಗ್ಗಿ, ಆ ನೆಗ್ಗಿನಲ್ಲೇ ಕಲ್ಲಿಗೆ ಕಚ್ಚಿಕೊಂಡು ವಾಹನವನ್ನು ತಡೆದು ನಿಲ್ಲಿಸಬಹುದಾದ ಜಾಗದಲ್ಲಿ, ಟೆಫ್ಲಾನ್‌ಗೆ ಹತ್ತಿರವಾದ ನುಣುಪಿರುವ ಈ ಹಾಳೆ ಗೀರು ಬೀಳಿಸಿಕೊಂಡು ಜಾರಿ ಮುಂದೆ ಸಾಗುತ್ತದೆ. ತೂಕದಲ್ಲೂ ಅಂತರವಿದೆ: 5 ಮಿಲಿಮೀಟರ್ ದಪ್ಪದ ಒಂದು ಚದರ ಮೀಟರ್ ಹಾಳೆ ಈ ಪ್ಲಾಸ್ಟಿಕ್‌ನಲ್ಲಿ ಐದು ಕಿಲೋಗೂ ಕಡಿಮೆ ತೂಗಿದರೆ, ಅಲ್ಯೂಮಿನಿಯಂನಲ್ಲಿ ಹದಿಮೂರು ಕಿಲೋ ದಾಟುತ್ತದೆ. ಮೂಗಿನ ಭಾಗಕ್ಕೆ ಸೇರಿದ ಪ್ರತಿ ಕಿಲೋವೂ ಸ್ಕೀಗಳನ್ನು ಇನ್ನಷ್ಟು ಆಳಕ್ಕೆ ಒತ್ತುವುದರಿಂದ, ಸೊಂಟದೆತ್ತರದ ಪುಡಿಹಿಮದಲ್ಲಿ ಓಡಬೇಕಾದ ವಾಹನಕ್ಕೆ ಇದು ಸಣ್ಣ ಮಾತಲ್ಲ.

ಇದೇ ಪ್ಲಾಸ್ಟಿಕ್‌ನ ಇನ್ನೊಂದು ಗುಣ ತಿಳಿಯದವರು, ಬೋಲ್ಟುಗಳನ್ನು ಬಿಗಿದಷ್ಟೂ ಒಳ್ಳೆಯದು ಎಂದುಕೊಂಡು ಕೆಲಸ ಕೆಡಿಸಿಕೊಳ್ಳುತ್ತಾರೆ. ಉಷ್ಣತೆ ಏರಿಳಿದಾಗ ಈ ಪಾಲಿಎಥಿಲೀನ್ ಉಕ್ಕಿಗಿಂತ ಹತ್ತು ಪಟ್ಟಿಗೂ ಹೆಚ್ಚು, ಅಲ್ಯೂಮಿನಿಯಂಗಿಂತ ಐದಾರು ಪಟ್ಟು ಹಿಗ್ಗಿ ಕುಗ್ಗುತ್ತದೆ. 20 ಡಿಗ್ರಿ ಬೆಚ್ಚಗಿರುವ ಗ್ಯಾರೇಜಿನಲ್ಲಿ ಅಳೆದು ತೂತು ಕೊರೆದ ಒಂದು ಮೀಟರ್ ಉದ್ದದ ಹಾಳೆ, ಮೈನಸ್ 30 ಡಿಗ್ರಿಯ ಬಯಲಿಗೆ ಬಂದಾಗ ಸುಮಾರು 7 ಮಿಲಿಮೀಟರ್ ಕುಗ್ಗುತ್ತದೆ. ಅದನ್ನು ಹಿಡಿದಿರುವ ಅಲ್ಯೂಮಿನಿಯಂ ಚೌಕಟ್ಟು ಕುಗ್ಗುವುದು ಒಂದು ಮಿಲಿಮೀಟರ್‌ಗಿಂತ ತುಸುವೇ ಹೆಚ್ಚು. ಬೋಲ್ಟಿನ ದಪ್ಪಕ್ಕೆ ಸರಿಯಾಗಿ ಕೊರೆದ ದುಂಡು ತೂತಿನಲ್ಲಿ ಈ ಅಂತರಕ್ಕೆ ಎಡೆಯಿಲ್ಲದ ಕಾರಣ, ಯಾವ ಕಲ್ಲೂ ತಾಗದೆಯೇ ಬೋಲ್ಟು ವಾಲುತ್ತದೆ, ಬೆಲ್ಲಿ ಪ್ಯಾನಿನ ಮೂಲ ತೂತು ಹಿಸಿಯುತ್ತದೆ. ಆದ್ದರಿಂದ ಒಂದು ತುದಿಯ ತೂತುಗಳನ್ನು ದುಂಡಗೆ ಇಟ್ಟು, ಉಳಿದವನ್ನು ಕುಗ್ಗುವ ದಿಕ್ಕಿಗೆ ಉದ್ದವಾಗಿ ಕೊರೆದು, ಅಗಲವಾದ ವಾಷರ್ ಹಾಕಿ, ಹಾಳೆ ಅಲುಗಾಡದಂತೆ ಆದರೆ ಜರುಗಲು ಬರುವಂತೆ ಬಿಗಿಯುವುದು ಸರಿಯಾದ ವಿಧಾನ. ನಟ್ಟು ಸಡಿಲವಾಗದಂತೆ ಹಾಕುವ ಥ್ರೆಡ್ ಲಾಕರ್ ದ್ರವ ಪಾಲಿಕಾರ್ಬೊನೇಟ್‌ನಂಥ ಪ್ಲಾಸ್ಟಿಕ್‌ಗಳಿಗೆ ತಾಗಿದರೆ ಅವು ಕೂದಲೆಳೆಯಷ್ಟು ಬಿರುಕು ಬಿಡುವುದರಿಂದ, ಅಂಥ ಕಡೆ ನೈಲಾನ್ ಬಳೆಯಿರುವ ಲಾಕ್ ನಟ್ಟೇ ಸುರಕ್ಷಿತ.

ಸ್ಕೀಯನ್ನು ಚೌಕಟ್ಟಿಗೆ ಜೋಡಿಸುವ ತ್ರಿಕೋನಾಕಾರದ ತೋಳುಗಳಿಗೆ ಎ-ಆರ್ಮ್ ಎಂದು ಹೆಸರು. ಇವು ಬಾಗುತ್ತವೆ ಎಂಬುದೇ ಇವುಗಳ ದೋಷ, ಬಾಗದಂಥ ದಪ್ಪ ತೋಳನ್ನೋ ಉಕ್ಕಿನ ಕವಚವನ್ನೋ ಹಾಕಿಬಿಟ್ಟರೆ ಚಿಂತೆ ಮುಗಿಯಿತು ಎಂಬ ವಾದ ಮೇಲ್ನೋಟಕ್ಕೆ ಸರಿಯೆನಿಸುತ್ತದೆ. ಮನೆಯ ಫ್ಯೂಸ್ ಪದೇ ಪದೇ ಸುಡುತ್ತದೆಂದು ಅದರ ಜಾಗಕ್ಕೆ ದಪ್ಪ ತಂತಿ ಹಾಕುವವರ ತರ್ಕವೂ ಇದೇ ಆಗಿದೆ. ಸ್ಕೀ ಮರದ ಬುಡಕ್ಕೆ ಬಡಿದಾಗ ಕೆಳತೋಳು ಬಾಗಿದರೆ, ಕೆಲವು ಬೋಲ್ಟುಗಳನ್ನು ಬಿಚ್ಚಿ ಹೊಸ ತೋಳು ಜೋಡಿಸಿದಲ್ಲಿಗೆ ರಿಪೇರಿ ಮುಗಿಯುತ್ತದೆ. ತೋಳು ಬಾಗಲು ಒಪ್ಪದಿದ್ದರೆ ಅದೇ ಪೆಟ್ಟು ತೋಳಿನ ಬುಡದಲ್ಲಿರುವ ಬಲ್ಕ್‌ಹೆಡ್‌ಗೆ, ಅಂದರೆ ಎಂಜಿನ್ನನ್ನೂ ಸಸ್ಪೆನ್ಷನ್ನನ್ನೂ ಒಟ್ಟಿಗೆ ಹೊತ್ತಿರುವ ಮುಂಚೌಕಟ್ಟಿಗೆ ಇಳಿಯುತ್ತದೆ. ಅದು ತಿರುಚಿಕೊಂಡರೆ ಎಂಜಿನ್ ಇಳಿಸಿ, ರಿವೆಟ್‌ಗಳನ್ನು ಕೊರೆದು ತೆಗೆದು, ವಾಹನದ ಅರ್ಧಭಾಗವನ್ನೇ ಬಿಚ್ಚಬೇಕಾಗುತ್ತದೆ. ತೋಳಿಗೆ ಹಾಕುವ ತೆಳು ಪ್ಲಾಸ್ಟಿಕ್ ಕವಚದ ಕೆಲಸ ಬೇರೆಯೇ ಆಗಿದ್ದು, ಅದು ಹಿಮವನ್ನು ಜಾರಿಸಿ ಎಳೆತವನ್ನು ತಗ್ಗಿಸುತ್ತದೆ, ಎಳೆಗಿಡಗಳು ತೋಳಿನ ಸಂದಿಗೆ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳುತ್ತದೆ. ಆ ಮಟ್ಟಿಗೆ ಅದು ಕೊಟ್ಟ ಹಣಕ್ಕೆ ಮೋಸವಿಲ್ಲದ ಭಾಗ.

ಗಟ್ಟಿ ಬಂಪರ್ ಸವಾರನ ಪ್ರಾಣವನ್ನು ಕಾಯುತ್ತದೆ ಎಂಬ ಕಲ್ಪನೆಯನ್ನು ಮಾತ್ರ ಇವೆಲ್ಲಕ್ಕಿಂತ ಅಪಾಯಕಾರಿ ಎನ್ನಬೇಕು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ವಾಹನದಲ್ಲಿರುವ ಶಕ್ತಿ, ಅದೇ ವಾಹನ ಹತ್ತು ಮೀಟರ್ ಎತ್ತರದಿಂದ, ಅಂದರೆ ಮೂರಂತಸ್ತಿನ ಕಟ್ಟಡದ ತಾರಸಿಯಿಂದ, ಕೆಳಗೆ ಬಿದ್ದಾಗ ಇರುವಷ್ಟೇ ಆಗಿರುತ್ತದೆ. ನಾಲ್ಕಾರು ಬೋಲ್ಟುಗಳ ಮೇಲೆ ನಿಂತ ಕೊಳವೆಯೊಂದು ಕೆಲವೇ ಅಂಗುಲಗಳ ಜಾಗದಲ್ಲಿ ಅದನ್ನು ಅರಗಿಸಿಕೊಳ್ಳಲಾರದು. ಅದೂ ಅಲ್ಲದೆ ಸ್ನೋಮೊಬೈಲ್ ಸವಾರನಿಗೆ ಸೀಟ್ ಬೆಲ್ಟ್ ಇಲ್ಲ. ವಾಹನ ಮರಕ್ಕೆ ಬಡಿದು ನಿಂತರೂ ಸವಾರ ಅದೇ ವೇಗದಲ್ಲಿ ಮುಂದಕ್ಕೆ ಎಸೆಯಲ್ಪಡುತ್ತಾನೆ, ಮತ್ತು ಮೂಗು ಗಟ್ಟಿಯಾದಷ್ಟೂ ವಾಹನ ಇನ್ನಷ್ಟು ಥಟ್ಟನೆ ನಿಲ್ಲುತ್ತದೆ. ಎಳೆಮರಗಳ ಸವೆತದಿಂದ ಹೆಡ್‌ಲೈಟನ್ನೂ ಹುಡ್ಡನ್ನೂ ಉಳಿಸಲು, ಹಿಮದಲ್ಲಿ ಹೂತ ವಾಹನವನ್ನು ಇಬ್ಬರು ಹಿಡಿದೆಳೆಯಲು ಬಂಪರ್ ನಿಜಕ್ಕೂ ಉಪಯುಕ್ತ. ಸವಾರನನ್ನು ಕಾಯುವುದು ವೇಗದ ಮೇಲಿನ ಹಿಡಿತ, ಹೆಲ್ಮೆಟ್, ಮತ್ತು ಸವಾರ ಬಿದ್ದೊಡನೆ ಎಂಜಿನ್ನನ್ನು ನಿಲ್ಲಿಸುವ, ಮೈಗೆ ಕಟ್ಟಿಕೊಂಡ ಟೆದರ್ ದಾರ. ಕೈಗಾಪಿನ ಬಗೆಗೂ ಒಂದು ಮಾತು ಸಾಕು: ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿದಾಗ ಅದು ಬ್ರೇಕ್ ಲಿವರಿಗಾಗಲಿ ಥ್ರಾಟಲಿಗಾಗಲಿ ತಾಗಿದರೆ, ಹಾಕದಿರುವುದೇ ಮೇಲು.

ಹಿಮವನ್ನು ಶತ್ರುವೆಂದು ಬಗೆದು ವಾಹನದೊಳಗೆ ಅದು ನುಗ್ಗದಂತೆ ಎಲ್ಲ ಕಿಂಡಿಗಳನ್ನು ಮುಚ್ಚುವವರು ಇನ್ನೊಂದು ಬಗೆಯ ತಪ್ಪು ಮಾಡುತ್ತಾರೆ. ನೀರಿನಿಂದ ತಂಪಾಗುವ ಇಂದಿನ ಬಹುತೇಕ ಸ್ನೋಮೊಬೈಲ್‌ಗಳಲ್ಲಿ ಕಾರಿನಂತೆ ದೊಡ್ಡ ರೇಡಿಯೇಟರ್ ಇರುವುದಿಲ್ಲ. ಟ್ರ್ಯಾಕಿನ ಮೇಲೆ ಕಮಾನಿನಂತೆ ಹಾದುಹೋಗುವ ಟನಲ್ ಎಂಬ ಅಲ್ಯೂಮಿನಿಯಂ ಭಾಗದ ಅಡಿಯಲ್ಲಿ ಹೀಟ್ ಎಕ್ಸ್‌ಚೇಂಜರ್‌ಗಳಿದ್ದು, ಟ್ರ್ಯಾಕು ಎರಚುವ ಹಿಮ ಅವಕ್ಕೆ ಬಡಿದು ಕರಗುವಾಗ ಎಂಜಿನ್ನಿನ ಬಿಸಿಯನ್ನು ಹೀರಿಕೊಳ್ಳುತ್ತದೆ. ಟ್ರ್ಯಾಕು ಜಾರುವ ಹಳಿಗಳ ಪ್ಲಾಸ್ಟಿಕ್ ಪಟ್ಟಿಗಳಿಗೂ ಹಿಮವೇ ಎಣ್ಣೆಯಂತೆ ನೆರವಾಗುತ್ತದೆ. ಹಿಮ ಸಿಗದಿದ್ದರೆ ಸುಮಾರು 130 ಡಿಗ್ರಿಗೆ ಕರಗುವ ಆ ಪಟ್ಟಿಗಳು ಉಜ್ಜಾಟದ ಕಾವಿಗೇ ಮೆತ್ತಗಾಗಿ ಸವೆದುಹೋಗುತ್ತವೆ. ಹೀಗಿರುವಾಗ ಹಿಂದೆ ಜೋತುಬಿದ್ದ ರಬ್ಬರಿನ ಸ್ನೋ ಫ್ಲಾಪನ್ನು ಕೇವಲ ಕೆಸರುತಡೆಯೆಂದು ತಿಳಿದು ಕತ್ತರಿಸುವುದು, ಎಕ್ಸ್‌ಚೇಂಜರ್‌ಗೆ ಹಿಮವನ್ನು ಹಿಂದಿರುಗಿಸುವ ತಡೆಯನ್ನೇ ಕಿತ್ತಂತೆ. ಬದಿಯ ಗಾಳಿಕಿಂಡಿಗಳನ್ನು ಟೇಪಿನಿಂದ ಮುಚ್ಚಿದರೆ ಡ್ರೈವ್ ಬೆಲ್ಟ್ ಕಾದು ಹರಿಯುತ್ತದೆ. ಸ್ಕಿಡ್ ಪ್ಲೇಟಿನ ಮೇಲೆ ಎಂಜಿನ್ ಬಿಸಿಗೆ ಕರಗಿದ ನೀರು ಹೊರಹೋಗಲು ದಾರಿಯಿಲ್ಲದಿದ್ದರೆ, ರಾತ್ರಿ ಬೆಳಗಾಗುವುದರೊಳಗೆ ಅದು ಕಿಲೋಗಟ್ಟಲೆ ಮಂಜುಗಡ್ಡೆಯಾಗಿ ಕೂರುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಕಿಂಡಿಗಳಿಗೆ ಗಾಳಿಯಾಡುವ ಸಣ್ಣಕಣ್ಣಿನ ಜಾಲರಿಯೂ, ಪ್ಲೇಟಿನ ತಗ್ಗಿನಲ್ಲಿ ನೀರು ಬಸಿಯುವ ತೂತುಗಳೂ ಈ ತೊಂದರೆಗೆ ಸಾಕಷ್ಟು ಉತ್ತರ. ಗಟ್ಟಿ ಮಂಜಿನ ಹಾದಿಗಾಗಿ ಟ್ರ್ಯಾಕಿಗೆ ಲೋಹದ ಸ್ಟಡ್‌ಗಳನ್ನು ಹಾಕಿಸುವವರಿಗೆ ಮಾತ್ರ ಟನಲ್ ಪ್ರೊಟೆಕ್ಟರ್ ಎಂಬ ಪಟ್ಟಿಗಳು ಆಯ್ಕೆಯ ವಿಷಯವಾಗಿ ಉಳಿಯುವುದಿಲ್ಲ, ಏಕೆಂದರೆ ವೇಗದಲ್ಲಿ ಟ್ರ್ಯಾಕು ಉಬ್ಬಿದಾಗ ಸ್ಟಡ್‌ನ ಮೊನೆ ಎಕ್ಸ್‌ಚೇಂಜರನ್ನು ಸೀಳಿ ಕೂಲಂಟನ್ನು ಹಿಮಕ್ಕೆ ಹರಿಸಿಬಿಡುತ್ತದೆ.

ಹೊರಗಿನ ಭಾಗ ಹಾಕಿದೊಡನೆ ವಾರಂಟಿ ರದ್ದಾಗುತ್ತದೆ ಎಂಬ ಹೆದರಿಕೆಗೆ ಅಮೆರಿಕದ ಮಟ್ಟಿಗೆ ಆಧಾರವಿಲ್ಲ. ಅಲ್ಲಿಯ 1975ರ ಮ್ಯಾಗ್ನುಸನ್-ಮಾಸ್ ವಾರಂಟಿ ಕಾಯ್ದೆಯ ಪ್ರಕಾರ, ತನ್ನದೇ ಹೆಸರಿನ ಬಿಡಿಭಾಗ ಬಳಸಿದರೆ ಮಾತ್ರ ವಾರಂಟಿ ಎಂಬ ಷರತ್ತನ್ನು ತಯಾರಕರು ಸಾಮಾನ್ಯವಾಗಿ ಹಾಕುವಂತಿಲ್ಲ. ಆದರೆ ಆ ಭಾಗದಿಂದಲೋ ಅದನ್ನು ಜೋಡಿಸಿದ ರೀತಿಯಿಂದಲೋ ಉಂಟಾದ ಹಾನಿಯನ್ನು ಅವರು ನಿರಾಕರಿಸಬಹುದು, ಮತ್ತು ಅಂಥ ಹಾನಿ ಹೆಚ್ಚಾಗಿ ಒಂದು ತಪ್ಪು ತೂತಿನಿಂದ ಹುಟ್ಟುತ್ತದೆ.

ಟನಲ್‌ಗೆ ಕೊರೆಯುವ ತೂತನ್ನು ಬರಿಯ ತಗಡಿನ ತೂತೆಂದು ತಿಳಿಯಬಾರದು. ಸೀಟಿನ ಮುಂದೆ ಟನಲ್‌ನ ಮೇಲೆಯೇ ಪೆಟ್ರೋಲ್ ಟ್ಯಾಂಕ್ ಕೂತಿರುತ್ತದೆ, ಟನಲ್‌ನ ಮೇಲ್ತಟ್ಟೆಯಲ್ಲಿ ಅಥವಾ ಅಂಚಿನುದ್ದಕ್ಕೆ ಕೂಲಂಟಿನ ನಾಳಗಳು ಹರಿದಿರುತ್ತವೆ. ಆದ್ದರಿಂದ ಡ್ರಿಲ್ ಬಿಟ್‌ಗೆ ಬೇಕಾದ ಆಳದಷ್ಟು ಬಿಟ್ಟು ಟೇಪು ಸುತ್ತಿಕೊಂಡು, ಹಿಂಬದಿಯನ್ನು ಟಾರ್ಚ್ ಹಾಕಿ ನೋಡಿದ ಮೇಲೆಯೇ ಕೊರೆಯಬೇಕಾಗುತ್ತದೆ. ಬೋಲ್ಟಿನ ಚಪ್ಪಟೆ ದುಂಡುತಲೆ ಟ್ರ್ಯಾಕಿನ ಕಡೆಗೆ, ನಟ್ಟು ಹೊರಗಡೆಗೆ ಇರಬೇಕು. ತಿರುವುಮುರುವಾಗಿ ಹಾಕಿದ ಬೋಲ್ಟಿನ ಚೂಪು ತುದಿ, ಸುತ್ತುವ ಟ್ರ್ಯಾಕಿನ ರಬ್ಬರನ್ನು ಸುತ್ತಿಗೊಂದು ಗೀರಿನಂತೆ ಹರಿಯುತ್ತ ಹೋಗುತ್ತದೆ. ತುಕ್ಕು ಹಿಡಿಯದೆಂದು ಸ್ಟೇನ್‌ಲೆಸ್ ಬೋಲ್ಟನ್ನು ಅಲ್ಯೂಮಿನಿಯಂಗೆ ನೇರವಾಗಿ ಬಿಗಿದರೆ, ಉಪ್ಪು ಚೆಲ್ಲಿದ ಚಳಿಗಾಲದ ರಸ್ತೆಗಳಲ್ಲಿ ಟ್ರೇಲರ್ ಮೇಲೆ ಸಾಗಿಸುವಾಗ ತೇವವೂ ಉಪ್ಪೂ ಸೇರಿ ಎರಡು ಲೋಹಗಳ ನಡುವೆ ಸಣ್ಣ ಬ್ಯಾಟರಿಯೊಂದು ಹುಟ್ಟಿಕೊಂಡು, ಬೋಲ್ಟು ಹೊಳೆಯುತ್ತಿರುವಂತೆಯೇ ಅದರ ಸುತ್ತಲಿನ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ನಡುವೆ ಒಂದು ನೈಲಾನ್ ವಾಷರನ್ನೂ ಗ್ರೀಸಿನ ತೆಳು ಲೇಪವನ್ನೂ ಕೊಟ್ಟರೆ ಇದು ಬಹುಮಟ್ಟಿಗೆ ತಪ್ಪುತ್ತದೆ. ಹೊಸದಾಗಿ ಜೋಡಿಸಿದ ಭಾಗದ ಬೋಲ್ಟುಗಳನ್ನು ಮೊದಲ ಸವಾರಿಯ ನಂತರ, ವಾಹನ ಬೆಚ್ಚಗಿನ ಗ್ಯಾರೇಜನ್ನು ಸೇರುವ ಮೊದಲು, ಹೊರಗಿನ ಚಳಿಯಲ್ಲಿಯೇ ಒಮ್ಮೆ ಕೈಯಾಡಿಸಿ ನೋಡಬೇಕು, ಏಕೆಂದರೆ ಹಾಳೆ ಪೂರ್ತಿ ಕುಗ್ಗಿರುವ ಆ ಹೊತ್ತಿನಲ್ಲಿ ಮಾತ್ರ ಯಾವ ತೂತು ಎಳೆಯುತ್ತಿದೆ, ಯಾವ ಬೋಲ್ಟು ವಾಲಿದೆ ಎಂಬುದು ಕಣ್ಣಿಗೆ ಕಾಣುತ್ತದೆ.