ಹಳೆಯ ಡಿಸ್ಕಿಗೆ ಕಡಿವಾಣ

ಕಬ್ಬು ಕಡಿಯುವ ಕಾಲದಲ್ಲಿ ಮುಧೋಳದಿಂದ ಲೋಕಾಪುರದ ದಾರಿ ಹಿಡಿದವರಿಗೆ ಒಂದು ನೋಟ ಚಿರಪರಿಚಿತ. ಎರಡು ಟ್ರೇಲರುಗಳನ್ನು ಕಟ್ಟಿಕೊಂಡ ಟ್ರ್ಯಾಕ್ಟರು ಆಮೆಯ ನಡಿಗೆಯಲ್ಲಿ ಸಾಗುತ್ತಿರುತ್ತದೆ. ಎಂಜಿನ್ನಿಗೆ ಶಕ್ತಿಯಿಲ್ಲವೆಂದಲ್ಲ, ವೇಗ ಹೆಚ್ಚಿದರೆ ಕಬ್ಬು ಕಾರ್ಖಾನೆಯ ಬದಲು ರಸ್ತೆಯನ್ನು ಸೇರುತ್ತದೆ. ಕಂಪ್ಯೂಟರಿನ ಒಡಲಲ್ಲಿಯೂ ಇಂಥದೇ ಪ್ರಸಂಗವೊಂದುಂಟು.

ನಮ್ಮ ಕಡೆ ಹಳೆಯ ಕಂಪ್ಯೂಟರನ್ನು ಬೇಗನೆ ಹೊರಹಾಕುವ ವಾಡಿಕೆಯಿಲ್ಲ. ಮಗನ ಜಾವಳದ ಚಿತ್ರಗಳು, ತೀರಿಕೊಂಡ ಅಜ್ಜಿ ಹಾಡಿದ ಬೀಸುವ ಪದಗಳು, ‘ನುಡಿ’ಯಲ್ಲಿ ಬೆರಳಚ್ಚಿಸಿದ ಪ್ರಬಂಧ, ಎಲ್ಲವೂ ಅದರ ಡಿಸ್ಕಿನಲ್ಲಿಯೇ ಇರುತ್ತವೆ. ಒಂದು ದಿನ ಯಂತ್ರವು ನಡುನಡುವೆ ತಡೆದು ನಿಲ್ಲತೊಡಗುತ್ತದೆ. ಡಿಸ್ಕು ಹೋಯಿತೆಂದು ಮನೆಮಂದಿ ಕೈಚೆಲ್ಲುತ್ತಾರೆ. ಎಷ್ಟೋ ವೇಳೆ ಕೆಟ್ಟಿರುವುದು ಡಿಸ್ಕಲ್ಲ, ಅದಕ್ಕೂ ಮದರ್‌ಬೋರ್ಡಿಗೂ ನಡುವಣ ಕೇಬಲ್ಲು!

ಹಿಂದೆ ಈ ಕೇಬಲ್ಲು ಅಗಲವಾದ ಪಟ್ಟಿಯಂತಿದ್ದಿತು. ಅದರಲ್ಲಿ 40 ತಂತಿಗಳು. ಸೆಕೆಂಡಿಗೆ 33 ಮೆಗಾಬೈಟಿನವರೆಗೆ ಅಷ್ಟೇ ಸಾಕಾಗಿತ್ತು. ವೇಗ ಅದನ್ನು ಮೀರಿದಾಗ ಒಂದು ತಂತಿಯ ಮಾತು ಪಕ್ಕದ ತಂತಿಗೆ ಕೇಳಿಸತೊಡಗಿತು. ಆದ್ದರಿಂದ ನಡುನಡುವೆ ಮೌನದ ತಂತಿಗಳನ್ನು ಸೇರಿಸಿ 80 ಮಾಡಿದರು. ಹಳೆಯ ಪಟ್ಟಿಯೇ ಇದ್ದರೆ ಕಂಪ್ಯೂಟರು ಅದನ್ನು ಗುರುತಿಸಿ 33ರಲ್ಲಿಯೇ ನಿಲ್ಲುತ್ತಿತ್ತು. ವಿವೇಕವೆಂದರೆ ಇದಲ್ಲವೆ?

2003ರ ಸುಮಾರಿಗೆ ಸಾಟಾ ಎಂಬ ಸಣ್ಣ ಕೇಬಲ್ಲು ಬಂದಿತು. ಅದರ ಮೊದಲ ವೇಗ ಸೆಕೆಂಡಿಗೆ 1.5 ಗಿಗಾಬಿಟ್. ಎಂಟು ಬಿಟ್ಟುಗಳನ್ನು ಹತ್ತಾಗಿ ಕಳಿಸುವ ಪದ್ಧತಿಯಿರುವುದರಿಂದ ಕೈಗೆ ಸಿಗುವುದು 150 ಮೆಗಾಬೈಟು. ತರುವಾಯ 3, ಆಮೇಲೆ 6 ಗಿಗಾಬಿಟ್ಟಿನ ತಲೆಮಾರುಗಳು ಬಂದವು. ವಿದ್ಯುತ್ತು ಹರಿದೊಡನೆ ಇಬ್ಬದಿಯವರೂ ಮಾತಾಡಿಕೊಂಡು ಇಬ್ಬರಿಗೂ ಒಗ್ಗುವ ವೇಗಕ್ಕೆ ಇಳಿಯಬೇಕೆಂಬುದು ನಿಯಮ. ಆದರೆ ವಯಾ ಸಂಸ್ಥೆಯ ವಿಟಿ 8237ರಂತಹ ಹಳೆಯ ಚಿಪ್ಪುಗಳಿಗೆ 3 ಗಿಗಾಬಿಟ್ಟಿನ ಡಿಸ್ಕಿನ ಮಾತು ಅರ್ಥವಾಗದೆ, ಡಿಸ್ಕು ಇದ್ದೂ ಇಲ್ಲದಂತಾಗುತ್ತಿತ್ತು. ಅದಕ್ಕೆಂದೇ ಹಲವು ಡಿಸ್ಕುಗಳ ಹಿಂಬದಿಯಲ್ಲಿ ಜಂಪರ್ ಎಂಬ ಚಿಕ್ಕ ಬಿಲ್ಲೆಗೆ ಜಾಗವಿದ್ದಿತು. ಕಡಲೆಕಾಳಿಗಿಂತ ಕಿರಿದಾದ ಅದನ್ನು ಎರಡು ಮುಳ್ಳುಗಳ ಮೇಲೆ ಕೂರಿಸಿದರೆ ಡಿಸ್ಕು 1.5ಕ್ಕೆ ತಲೆಬಾಗುತ್ತದೆ. ಯಾವ ಮುಳ್ಳುಗಳೆಂಬುದನ್ನು ತಯಾರಕರ ಚಿತ್ರ ನೋಡಿಯೇ ತಿಳಿಯಬೇಕು, ಊಹೆ ಸಲ್ಲದು.

ಕೇಬಲ್ಲು ಸಡಿಲವಾದಾಗ ನಡೆಯುವುದು ಬೇರೆ. ಪ್ರತಿಯೊಂದು ಕಂತಿನ ಜೊತೆಗೂ ತಾಳೆಯ ಲೆಕ್ಕವೊಂದು ಬರುತ್ತದೆ. ಲೆಕ್ಕ ತಪ್ಪಿದರೆ ಆ ಕಂತನ್ನು ಮತ್ತೆ ಕಳಿಸಬೇಕು. ಯಂತ್ರ ತಡೆದು ನಿಲ್ಲುವುದು ಈ ಪುನರಾವರ್ತನೆಯಿಂದ. ಲಿನಕ್ಸ್ ವ್ಯವಸ್ಥೆಯಾದರೆ ತಪ್ಪುಗಳು ಮರುಕಳಿಸಿದಾಗ ತಾನೇ ವೇಗವನ್ನು ಒಂದು ಮೆಟ್ಟಿಲು ಇಳಿಸಿ ದಿನಚರಿಯಲ್ಲಿ ಬರೆದಿಡುತ್ತದೆ. ಆರಂಭದ ಆಜ್ಞೆಯಲ್ಲಿಯೇ ಮಿತಿ ಹೇರಲೂಬಹುದು.

ನಷ್ಟವೆಷ್ಟು? ತಿರುಗುವ ಹಳೆಯ ಡಿಸ್ಕು ಕೊಡುವುದೇ ಸೆಕೆಂಡಿಗೆ ನೂರು ಮೆಗಾಬೈಟಿನ ಆಸುಪಾಸು. 150ರ ಮಿತಿ ಅದಕ್ಕೆ ತಟ್ಟದು. ಐನೂರು ಕೊಡಬಲ್ಲ ಎಸ್‌ಎಸ್‌ಡಿಗೆ ಮಾತ್ರ ಇದು ಶಿಕ್ಷೆಯೇ ಸರಿ. ಇನ್ನು ಡಿಸ್ಕಿನೊಳಗಿಂದಲೇ ಟಕಟಕ ಸದ್ದು ಬರುತ್ತಿದ್ದರೆ ಈ ಉಪಾಯ ನಾಟದು. ಕೂಡಲೇ ಯಂತ್ರ ನಿಲ್ಲಿಸಿ ಬಲ್ಲವರಲ್ಲಿಗೆ ಒಯ್ಯಬೇಕು.

ಗುರುತಿಸುವುದು ಹೇಗೆ? ಡಿಸ್ಕಿನ ‘ಸ್ಮಾರ್ಟ್’ ವರದಿಯಲ್ಲಿ ‘ಸಿಆರ್‌ಸಿ ಎರರ್’ ಎಂಬ ಸಾಲಿರುತ್ತದೆ. ಅದರ ಅಂಕಿಯನ್ನು ಬರೆದಿಟ್ಟುಕೊಂಡು ಕೇಬಲ್ಲನ್ನು ಬದಲಿಸಿ, ವಾರದ ಮೇಲೆ ಮತ್ತೆ ನೋಡಬೇಕು. ಅಂಕಿ ಸೊನ್ನೆಗೆ ಇಳಿಯದು, ಅದಕ್ಕಾಗಿ ಗಾಬರಿ ಬೇಡ. ಏರದೆ ನಿಂತಿದ್ದರೆ ರೋಗವಿದ್ದುದು ಕೇಬಲ್ಲಿನಲ್ಲಿ. ಆದರೂ ಅಜ್ಜಿಯ ಹಾಡನ್ನು ಅಂದೇ ಇನ್ನೊಂದು ಡಿಸ್ಕಿಗೆ ಪ್ರತಿ ಮಾಡಿಕೊಳ್ಳುವುದು ಲೇಸು.